ಲಸಿಕೆ ಪರೀಕ್ಷೆಗೆ ಬಾಲ್ಬ್-ಸಿ ಇಲಿ ಸಾಕಾ?

ಲಸಿಕೆ ಲ್ಯಾಬ್‌ಗಳಲ್ಲಿ ಮೊದಲು ತರಿಸುವುದು ಬಿಳಿ ಬಾಲ್ಬ್-ಸಿ ತಳಿಯ ಇಲಿಗಳನ್ನೇ. ಪ್ರತಿಕಾಯ ಹುಟ್ಟುತ್ತಾ ಇಲ್ವಾ ಅಂತ ನೋಡುವುದಷ್ಟೇ ಇದ್ದರೆ ಧೈರ್ಯವಾಗಿ ತಗೊಳ್ಳಿ. ಸಾಧು ಪ್ರಾಣಿ, ಹಿಡಿಯಲು ಸುಲಭ, ಪ್ರತಿಕಾಯ ಅಳೆಯುವ ಎಲೈಸಾ ಕಿಟ್‌ಗಳಿಗೂ ಬರವಿಲ್ಲ. ಒಳತಳಿ (ತಲೆಮಾರುಗಳಿಂದ ಒಡಹುಟ್ಟಿದವುಗಳನ್ನೇ ಕೂಡಿಸಿ ಬೆಳೆಸಿದ) ಇಲಿಗಳಾದ್ದರಿಂದ ಎಲ್ಲವುಗಳ ಜೀನ್‌ಗಳೂ ಹೆಚ್ಚುಕಮ್ಮಿ ಒಂದೇ, ಫಲಿತಾಂಶ ಜಾಸ್ತಿ ಚದುರುವುದಿಲ್ಲ.

ತೊಂದರೆ ಇರುವುದು ಇದರ ಸ್ವಭಾವದಲ್ಲಿ. ಬಾಲ್ಬ್-ಸಿಯ ರೋಗನಿರೋಧಕ ಪ್ರತಿಕ್ರಿಯೆ ಟಿಎಚ್2 (ಹೆಚ್ಚಾಗಿ ಪ್ರತಿಕಾಯಗಳನ್ನು ನೆಚ್ಚುವ ಬಗೆ) ಕಡೆ ವಾಲುತ್ತದೆ, ಕಪ್ಪು ಬಣ್ಣದ ಬ್ಲ್ಯಾಕ್ ಸಿಕ್ಸ್ ತಳಿಯದು ಟಿಎಚ್1 (ಜೀವಕೋಶದೊಳಗಿನ ರೋಗಾಣುಗಳನ್ನು ಕೊಲ್ಲುವ ಬಗೆ) ಕಡೆ. ಚರ್ಮದಲ್ಲಿ ಹುಣ್ಣು ಮಾಡುವ ಲೀಷ್ಮೇನಿಯಾ ಮೇಜರ್ ಪರಾವಲಂಬಿಯನ್ನು ಚುಚ್ಚಿದರೆ ಬ್ಲ್ಯಾಕ್ ಸಿಕ್ಸ್ ಚೇತರಿಸಿಕೊಳ್ಳುತ್ತದೆ, ಬಾಲ್ಬ್-ಸಿಗೆ ಹುಣ್ಣು ಬೆಳೆಯುತ್ತಲೇ ಹೋಗುತ್ತದೆ. ಹೀಗಿರುವಾಗ ಬಾಲ್ಬ್-ಸಿಯಲ್ಲಿ ಐಜಿಜಿ1 (ಟಿಎಚ್2 ಅನ್ನು ಸೂಚಿಸುವ ಪ್ರತಿಕಾಯ) ಜಾಸ್ತಿ ಬಂತು ಅಂತ ಅಡ್ಜುವಂಟ್ (ಲಸಿಕೆಯ ಪರಿಣಾಮ ಹೆಚ್ಚಿಸಲು ಬೆರೆಸುವ ವಸ್ತು) ಬಗ್ಗೆ ತೀರ್ಪು ಕೊಡುವುದು ಹೇಗೆ? ಅದು ಇಲಿಯ ಗುಣವೂ ಆಗಿರಬಹುದು ಅಲ್ವಾ? ಎರಡೂ ತಳಿಗಳಲ್ಲಿ ನೋಡಿ. ಆದರೆ ಕಿಟ್ ಬದಲಿಸಿ. ಟಿಎಚ್1 ಅನ್ನು ಸೂಚಿಸುವ ಪ್ರತಿಕಾಯ ಬಾಲ್ಬ್-ಸಿಯಲ್ಲಿ ಐಜಿಜಿ2ಎ. ಬ್ಲ್ಯಾಕ್ ಸಿಕ್ಸ್‌ನಲ್ಲಿ ಅದು ಇಲ್ಲ, ಬದಲಿಗೆ ಐಜಿಜಿ2ಸಿ ಇದೆ. ಐಜಿಜಿ2ಎ ಕಿಟ್ಟಲ್ಲೇ ಅಳೆದರೆ ಚೆನ್ನಾಗಿ ಬಂದ ಟಿಎಚ್1 ಪ್ರತಿಕ್ರಿಯೆಯೂ ಕಾಣದೇ ಹೋಗಬಹುದು.

ರಕ್ತದ ಲೆಕ್ಕವೂ ಇದೆ. 20 ಗ್ರಾಂ ಇಲಿಯ ಮೈಯಲ್ಲಿರುವುದೇ ಸುಮಾರು ಒಂದೂವರೆ ಮಿಲಿಲೀಟರ್, ಅದರಲ್ಲಿ ಒಂದು ಸಲಕ್ಕೆ ತೆಗೆಯಬಹುದಾದದ್ದು ತೀರಾ ಕಡಿಮೆ. ಸೀರಂ (ಪ್ರತಿಕಾಯಗಳಿರುವ ರಕ್ತದ ತಿಳಿ) ಜಾಸ್ತಿ ಬೇಕಿದ್ದರೆ ಮೊಲವೇ ಸರಿ.

ಲಸಿಕೆ ಕಾಯಿಲೆಯನ್ನು ತಡೆಯುತ್ತದಾ ಅನ್ನುವುದು ನಿಮ್ಮ ಪ್ರಶ್ನೆಯಾದರೆ ಆ ರೋಗಾಣು ಆ ಪ್ರಾಣಿಗೆ ತಗುಲಲೇಬೇಕು. 2020ರ ಮೂಲ ಕೊರೊನಾ ವೈರಸ್ ಸಾಮಾನ್ಯ ಇಲಿಯ ಎಸಿಇ2ಗೆ (ವೈರಸ್ ಜೀವಕೋಶದೊಳಗೆ ಹೋಗಲು ಹಿಡಿದುಕೊಳ್ಳುವ ಪ್ರೋಟೀನ್) ಸರಿಯಾಗಿ ಅಂಟುತ್ತಲೇ ಇರಲಿಲ್ಲ. ಅದಕ್ಕೇ ಕೋವ್ಯಾಕ್ಸಿನ್ ಪ್ರತಿಕಾಯ ಹುಟ್ಟಿಸುತ್ತದೆಯೇ ಅಂತ ಇಲಿ, ಹೆಗ್ಗಣ, ಮೊಲಗಳಲ್ಲಿ ನೋಡಿದರೂ, ರಕ್ಷಣೆ ಕೊಡುತ್ತದೆಯೇ ಅಂತ ನೋಡಿದ್ದು ಸಿರಿಯನ್ ಹ್ಯಾಮ್‌ಸ್ಟರ್ ಮತ್ತು ರೀಸಸ್ ಕೋತಿಗಳಲ್ಲಿ. ಹ್ಯಾಮ್‌ಸ್ಟರ್ ಒಳ್ಳೆಯ ಮಾದರಿ, ಆದರೆ ಅದರ ಟಿ ಕಣಗಳನ್ನು (ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ಅಳೆಯಲು ಬೇಕಾದ ರೀಏಜೆಂಟ್‌ಗಳು (ಪರೀಕ್ಷಾ ರಾಸಾಯನಿಕಗಳು) ಇಲಿಗೆ ಸಿಗುವಷ್ಟು ಸಿಗುವುದಿಲ್ಲ. ಫ್ಲೂಗೆ ಫೆರೆಟ್, ಕ್ಷಯಕ್ಕೆ ಗಿನಿಪಿಗ್ ಬಳಸುವುದೂ ಆ ರೋಗಾಣು ಅವಕ್ಕೆ ತಗುಲುತ್ತದೆ ಅನ್ನುವ ಕಾರಣಕ್ಕೇ.

ತಪ್ಪು ಪ್ರಾಣಿ ಆರಿಸಿದರೆ ಅಷ್ಟೂ ಜೀವಗಳು ಸುಮ್ನೆ ಹೋದಂತೆ. ನನಗೆ ಎಲ್ಲಕ್ಕಿಂತ ಸಂಕಟವಾಗುವುದು ಇದಕ್ಕೇ. ನೈತಿಕ ಸಮಿತಿಗೆ ಅರ್ಜಿ ಬರೆಯುವಾಗ "ಲ್ಯಾಬಿನಲ್ಲಿ ಇದೇ ಬಳಸುತ್ತೇವೆ" ಅಂತ ಬರೆದು ಮುಗಿಸಬೇಡಿ, ಈ ಪ್ರಾಣಿಯೇ ಯಾಕೆ ಅಂತ ಬರೆಯಿರಿ.

ಇಲಿ ತರಿಸುವಾಗ ತಳಿ, ವಯಸ್ಸು, ಆರೋಗ್ಯ ವರದಿ ಮೂರನ್ನೂ ಕೇಳಿ ಪಡೆಯಿರಿ. ನಮಗೆ ಒಬ್ಬ ಸರಬರಾಜುದಾರರು ಬೇರೆ ಬೇರೆ ವಯಸ್ಸಿನ ಇಲಿಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕಳಿಸಿದ್ದರು, ಆ ಬ್ಯಾಚನ್ನು ನಾವು ಪ್ರಯೋಗಕ್ಕೆ ಸೇರಿಸಲಿಲ್ಲ. ಬಂದ ಕೂಡಲೇ ಚುಚ್ಚಲೂ ಬೇಡಿ, ಒಂದು ವಾರವಾದರೂ ಹೊಸ ಜಾಗಕ್ಕೆ ಹೊಂದಿಕೊಳ್ಳಲು ಬಿಡಿ.