ಕರೆಂಟ್ ಕಡಗೋಲು: ನಾಲ್ಕು ವರ್ಷ ಬೆಣ್ಣೆ ತೆಗೆದ ಮೇಲೆ

ನಮ್ಮ ಮನೆಗೆ ದಿನಾ ಒಂದೂವರೆ ಲೀಟರ್ ಹಸುವಿನ ಹಾಲು ಬರುತ್ತದೆ. ಪ್ಯಾಕೆಟ್ ಅಲ್ಲ, ಎರಡು ಬೀದಿ ಆಚೆ ಹಸು ಸಾಕಿದವರ ಮನೆಯದು. ಕಾಯಿಸಿ, ಆರಿಸಿ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಮೇಲೆ ದಪ್ಪಗೆ ಕೆನೆ ಕಟ್ಟಿರುತ್ತದೆ. ತೆಗೆದು ತೆಗೆದು ಡಬ್ಬಕ್ಕೆ ಹಾಕುತ್ತಾ ಹೋದರೆ ಎಂಟು ದಿನಕ್ಕೆ ಡಬ್ಬ ತುಂಬುತ್ತದೆ. ಇಷ್ಟು ಕೆನೆ ಇದ್ದೂ ಅಂಗಡಿ ತುಪ್ಪ ತಂದರೆ, ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗೇ ಅಲ್ವಾ?

ಮೊದಲು ಅತ್ತೆ ಮರದ ಕಡಗೋಲಿನಲ್ಲಿ ಕಡೆಯುತ್ತಿದ್ದರು. ಅವರಿಗೆ ಭುಜ ನೋವು ಶುರುವಾದ ಮೇಲೆ ಕೆಲಸ ನನ್ನ ಪಾಲಿಗೆ ಬಂತು. ನಾನು ಸೋಮಾರಿ, ನೇರ ಮಿಕ್ಸಿಗೆ ಹಾಕಿದೆ. ಎರಡು ವರ್ಷ ಹಾಗೇ ನಡೆಯಿತು. 2021ರ ದೀಪಾವಳಿ ಹೊತ್ತಿಗೆ 2,150 ರೂಪಾಯಿ ಕೊಟ್ಟು ಈ ಕರೆಂಟ್ ಕಡಗೋಲು ತಂದೆ.

ಮಿಕ್ಸಿ ಕೆಟ್ಟದ್ದೇನಲ್ಲ. ನಿಜ ಹೇಳಬೇಕೆಂದರೆ ಅದೇ ಬೇಗ. ಗುಂಡಿಯನ್ನು ಎಡಕ್ಕೆ ತಿರುಗಿಸಿ ಬಿಟ್ಟು ಬಿಟ್ಟು ಓಡಿಸಿದರೆ ಐದು ನಿಮಿಷದಲ್ಲಿ ಬೆಣ್ಣೆ. ಆದರೆ ನಮ್ಮ ಡಬ್ಬದ ಕೆನೆಗೆ ಜಾರ್ ಸಾಲದು, ಮೂರು ಸಲ ಹಾಕಬೇಕು. ಅರ್ಧಕ್ಕಿಂತ ಜಾಸ್ತಿ ತುಂಬಿದರೆ ಮುಚ್ಚಳದ ಸಂದಿಯಿಂದ ಉಕ್ಕಿ ಗೋಡೆಗೆಲ್ಲ ಸಿಡಿಯುತ್ತದೆ. ಸ್ವಲ್ಪ ಹೊತ್ತು ಮರೆತರೆ ಜಾರ್ ಬಿಸಿಯಾಗಿ ಬೆಣ್ಣೆ ಪೇಸ್ಟಿನ ಹಾಗೆ ಮೆತ್ತಗಾಗುತ್ತದೆ. ಬ್ಲೇಡಿನ ಅಡಿ ಸಿಕ್ಕಿಕೊಂಡ ಬೆಣ್ಣೆ ತೆಗೆಯುವಾಗ ಬೆರಳು ಕುಯ್ದುಕೊಂಡಿದ್ದೂ ಉಂಟು. ಎಲ್ಲಕ್ಕಿಂತ ಕಿರಿಕಿರಿ ಎಂದರೆ, ಎಷ್ಟು ತೊಳೆದರೂ ಮಾರನೆಯ ದಿನದ ಚಟ್ನಿಗೆ ಹುಳಿ ಕೆನೆಯ ವಾಸನೆ.

ಈ ಮಿಷನ್ನಿನಲ್ಲಿ ಅಂಥದ್ದಿಲ್ಲ. ಪಾತ್ರೆಯ ಬಾಯಿಗೆ ಅಡ್ಡಲಾಗಿ ಕೂರುವ ಒಂದು ಪಟ್ಟಿ, ಅದರ ಮೇಲೆ ಮೋಟರು, ಕೆಳಗೆ ಉದ್ದನೆಯ ಸ್ಟೀಲ್ ಕಡ್ಡಿ, ಕಡ್ಡಿಯ ತುದಿಯಲ್ಲಿ ಹರಿತವಿಲ್ಲದ ರೆಕ್ಕೆಗಳು. ಪಟ್ಟಿಯ ಎರಡೂ ಕೈಗಳನ್ನು ಎಳೆದು ಪಾತ್ರೆಯ ಅಳತೆಗೆ ಹೊಂದಿಸಬಹುದು. ನಮ್ಮದೇ ಐದು ಲೀಟರಿನ ಹಳೆಯ ಸ್ಟೀಲ್ ಪಾತ್ರೆಗೆ ಸರಿಯಾಗಿ ಕೂತಿತು. ಇದು ಕೆನೆಯನ್ನು ಕತ್ತರಿಸುವುದಿಲ್ಲ, ಸುಮ್ನೆ ತಿರುಗಿಸುತ್ತದೆ. ಎಲ್ಲ ಕೆನೆಯೂ ಒಂದೇ ಸಲಕ್ಕೆ ಆಗುತ್ತದೆ. ಹದ ಸರಿ ಇದ್ದರೆ ಹನ್ನೆರಡು, ಹದಿನೈದು ನಿಮಿಷ. ಅಷ್ಟು ಹೊತ್ತಿನಲ್ಲಿ ಸೊಪ್ಪು ಬಿಡಿಸಿಕೊಳ್ಳಬಹುದು.

ಹದ ಸರಿ ಇದ್ದರೆ! ಇದನ್ನು ನಾನು ಕಲಿತದ್ದು ಮೊದಲ ಏಪ್ರಿಲ್‌ನಲ್ಲಿ. ರಾತ್ರಿ ಕೆನೆಗೆ ಹೆಪ್ಪು ಹಾಕಿ ಹೊರಗೇ ಇಟ್ಟಿದ್ದೆ. ಮಾರನೆಯ ದಿನ ಮಧ್ಯಾಹ್ನ ಕಡೆಯಲು ಶುರುಮಾಡಿದೆ. ಇಪ್ಪತ್ತು ನಿಮಿಷವಾಯಿತು, ಮೂವತ್ತಾಯಿತು. ಬರೀ ನೊರೆ. ಮೇಲೆ ಎಣ್ಣೆಯ ಜಿಡ್ಡು ತೇಲುತ್ತಿತ್ತು, ಬೆಣ್ಣೆಯ ಸುಳಿವಿಲ್ಲ. ಮೋಟರು ಮುಟ್ಟಿದರೆ ಕೈ ಸುಡುತ್ತಿತ್ತು. ಮಿಷನ್ನೇ ಸರಿ ಇಲ್ಲ ಎಂದು ಅಂಗಡಿಗೆ ಫೋನ್ ಮಾಡಿ ಜಗಳವಾಡಿದೆ. ಅತ್ತೆ ಬಂದು ಪಾತ್ರೆಗೆ ಕೈ ಇಟ್ಟು ನೋಡಿ, "ಇಷ್ಟು ಬೆಚ್ಚಗಿದ್ರೆ ಎಲ್ಲಿಂದ ಬರುತ್ತಮ್ಮ ಬೆಣ್ಣೆ? ಐಸ್ ಹಾಕು" ಎಂದರು. ಎರಡು ಟ್ರೇ ಐಸ್ ಹಾಕಿ ಮತ್ತೆ ಓಡಿಸಿದೆ. ಐದೇ ನಿಮಿಷ. ಕಾಳು ಕಾಳಾಗಿ ಬೆಣ್ಣೆ ಬಂತು. ಅಂಗಡಿಯವನಿಗೆ ಮತ್ತೆ ಫೋನ್ ಮಾಡುವ ಧೈರ್ಯ ಬರಲಿಲ್ಲ.

ಕಾರಣ ಸರಳ. ಕೆನೆಯಲ್ಲಿ ಕೊಬ್ಬು ಸಣ್ಣ ಸಣ್ಣ ಹನಿಗಳಾಗಿ ಇರುತ್ತದೆ, ಪ್ರತಿ ಹನಿಗೂ ತೆಳುವಾದ ಪೊರೆ. ಕಡೆದಾಗ ಪೊರೆ ಒಡೆದು ಹನಿಗಳು ಒಂದಕ್ಕೊಂದು ಅಂಟಿಕೊಳ್ಳಬೇಕು. ಅಂಟಬೇಕಾದರೆ ಕೊಬ್ಬು ಅರೆಗಟ್ಟಿ ಇರಬೇಕು. ಬಿಸಿಲಿಗೆ ಕರಗಿದ್ದರೆ ಎಣ್ಣೆಯಾಗಿ ಜಾರುತ್ತದೆ. ಫ್ರಿಜ್ಜಿನಿಂದ ತೆಗೆದ ಕೂಡಲೇ ಹಾಕಿದರೂ ತೊಂದರೆ: ಕಲ್ಲಿನಂತಿರುವ ಕೊಬ್ಬು ಬೇಗ ಒಂದಾಗುವುದಿಲ್ಲ, ಕೇಕ್ ಕ್ರೀಮಿನ ಹಾಗೆ ಉಬ್ಬಿ ಕಡ್ಡಿಗೆ ಮೆತ್ತಿಕೊಳ್ಳುತ್ತದೆ. 12ರಿಂದ 15 ಡಿಗ್ರಿ ಇದ್ದರೆ ಚೆಂದ. ಥರ್ಮಾಮೀಟರ್ ಏನೂ ಬೇಡ, ಪಾತ್ರೆ ಮುಟ್ಟಿದರೆ ಕುಡಿಯುವ ಮಡಕೆ ನೀರಿಗಿಂತ ಒಂಚೂರು ತಣ್ಣಗಿರಬೇಕು. ಈಗ ಬೇಸಿಗೆಯಲ್ಲಿ ಬೆಳಿಗ್ಗೆ ಆರಕ್ಕೇ ಕಡೆಯುತ್ತೇನೆ. ಡಿಸೆಂಬರಿನಲ್ಲಿ ಫ್ರಿಜ್ಜಿನಿಂದ ತೆಗೆದು ಮುಕ್ಕಾಲು ಗಂಟೆ ಹೊರಗಿಟ್ಟು ಆಮೇಲೆ.

ಇನ್ನೊಂದು ಸಂಗತಿ ಶಬ್ದದ್ದು. ಮೊದಲು ಮೋಟರು ಒಂದೇ ಸಮನೆ ಗುಂಯ್ ಎನ್ನುತ್ತದೆ. ಕೆನೆ ದಪ್ಪವಾದಾಗ ದನಿ ಇಳಿದು ಏದುಸಿರು ಬಿಡುತ್ತದೆ. ಬೆಣ್ಣೆ ಬೇರೆಯಾದ ಕೂಡಲೇ ಮಜ್ಜಿಗೆ ಪಳ್ ಪಳ್ ಎಂದು ಅಂಚಿಗೆ ಬಡಿಯಲು ಶುರು. ಅತ್ತೆ ಹಾಲ್‌ನಲ್ಲಿ ಧಾರಾವಾಹಿ ನೋಡುತ್ತಲೇ "ಬಂತು, ನಿಲ್ಸು" ಎನ್ನುತ್ತಾರೆ. ಒಂದು ದಿನವೂ ತಪ್ಪಿಲ್ಲ. ಆಮೇಲೂ ಓಡಿಸಿದರೆ ಬೆಣ್ಣೆಯೊಳಗೆ ಮಜ್ಜಿಗೆ ಸೇರಿಕೊಂಡು ಬೇಗ ಹುಳಿಯಾಗುತ್ತದೆ. ತೆಗೆದ ಬೆಣ್ಣೆಯನ್ನು ತಣ್ಣೀರಿನಲ್ಲಿ ಮೂರು ಸಲ ತೊಳೆಯುತ್ತೇನೆ, ನೀರು ತಿಳಿಯಾಗುವವರೆಗೆ.

ಎಂಟು ದಿನದ ಕೆನೆಗೆ ಸುಮಾರು 325 ಗ್ರಾಂ ಬೆಣ್ಣೆ ಬರುತ್ತದೆ. ಅದರಲ್ಲಿ ಒಂದು ಉಂಡೆ ಅಕ್ಕಿರೊಟ್ಟಿಗೆ ಎಂದು ಮಕ್ಕಳು ಮೊದಲೇ ಎತ್ತಿಟ್ಟುಕೊಳ್ಳುತ್ತಾರೆ, ಉಳಿದದ್ದು ತುಪ್ಪಕ್ಕೆ. ಹತ್ತು ದಿನಕ್ಕಿಂತ ಜಾಸ್ತಿ ಕೆನೆ ಕೂಡಿಡಬೇಡಿ. ಫ್ರಿಜ್ಜಿನಲ್ಲಿದ್ದರೂ ಕಹಿ ಬರುತ್ತದೆ, ಆ ಕಹಿ ತುಪ್ಪದಲ್ಲೂ ಇರುತ್ತದೆ.

ಈಗ ದೂರುಗಳು. ಮೋಟರಿಗೂ ಕಡ್ಡಿಗೂ ನಡುವೆ ಇರುವ ಪ್ಲಾಸ್ಟಿಕ್ ಬುಷ್ ಎರಡು ಸಲ ಸವೆದು ಹೋಯಿತು. ಮೊದಲ ಸಲ ವಾರಂಟಿ ಇತ್ತು. ಆದರೂ ಕಂಪನಿಯ ಸರ್ವಿಸ್‌ನವರು ಇಂದು ನಾಳೆ ಎಂದು ಐದು ವಾರ ಸತಾಯಿಸಿ, ಕೊನೆಗೆ ಸವೆಯುವ ಭಾಗಕ್ಕೆ ವಾರಂಟಿ ಇಲ್ಲ ಎಂದರು. ಇದನ್ನು ಮೊದಲ ದಿನವೇ ಹೇಳಬಹುದಿತ್ತು. ಎರಡನೆಯ ಸಲ ಅವರ ಸಹವಾಸವೇ ಬೇಡ ಎಂದು ಮಿಕ್ಸಿ ರಿಪೇರಿ ಅಂಗಡಿಗೆ ಒಯ್ದೆ. 60 ರೂಪಾಯಿಗೆ ಬುಷ್, ಹತ್ತು ನಿಮಿಷದ ಕೆಲಸ. ವೈರು ಗಿಡ್ಡ, ಕಟ್ಟೆಯ ಪ್ಲಗ್ ಬಿಟ್ಟು ಬೇರೆಲ್ಲೂ ಎಟುಕುವುದಿಲ್ಲ. ಮೋಟರನ್ನು ನಲ್ಲಿಯ ಹತ್ತಿರವೂ ತರಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು ಅಷ್ಟೆ. ಕಡ್ಡಿಯೊಂದೇ ತೊಳೆಯಲು ಬರುವುದು.

ಪ್ಯಾಕೆಟ್ ಹಾಲು ತರುವವರು ಸ್ವಲ್ಪ ಯೋಚಿಸಿ. ನಂದಿನಿಯ ನೀಲಿ ಪ್ಯಾಕೆಟ್ಟಿನಲ್ಲಿ ಕೊಬ್ಬು 3 ಪರ್ಸೆಂಟ್, ಕಿತ್ತಳೆ ಬಣ್ಣದ ಶುಭಂನಲ್ಲಿ 4.5. ದಿನಕ್ಕೆ ಅರ್ಧ ಲೀಟರ್ ನೀಲಿ ಪ್ಯಾಕೆಟ್ ತಂದರೆ ವಾರಕ್ಕೆ ಒಂದು ಬಟ್ಟಲು ಕೆನೆ, ಅದಕ್ಕೆ ಮಿಕ್ಸಿಯೇ ಸಾಕು. ಹೋಮೋಜಿನೈಸ್ಡ್ ಎಂದು ಬರೆದ ಹಾಲಿನಲ್ಲಂತೂ ಕೊಬ್ಬಿನ ಹನಿ ಒಡೆದು ಚೂರಾಗಿರುತ್ತದೆ, ಕೆನೆ ಮೇಲೆ ಬರುವುದೇ ಕಡಿಮೆ. ಅಂಥ ಮನೆಗೆ ಈ ಮಿಷನ್ ಅಟ್ಟ ಸೇರುತ್ತದೆ. ನಮ್ಮ ಓರಗಿತ್ತಿಯ ಮನೆಯಲ್ಲಿ ಆಗಲೇ ಸೇರಿದೆ.

ನಮ್ಮದು ಮಾತ್ರ ಇನ್ನೂ ಕಟ್ಟೆಯ ಮೇಲೇ ಇದೆ. ಕಳೆದ ತಿಂಗಳಿಂದ ಕಡ್ಡಿ ಮತ್ತೆ ಸಣ್ಣಗೆ ಅಲ್ಲಾಡುತ್ತಿದೆ. ಈ ಸಲ ಮೊದಲೇ ಎರಡು ಬುಷ್ ತಂದು ಸಾಸಿವೆ ಡಬ್ಬದ ಪಕ್ಕ ಇಟ್ಟುಕೊಂಡಿದ್ದೇನೆ.