ನಗದು ಕಳಿಸುವ ಸೇವೆಗಳು: ವೇಗಕ್ಕೆ ಐದು, ಮೋಸ ತಡೆಯುವುದಕ್ಕೆ ಒಂದೂವರೆ

ವೆಸ್ಟರ್ನ್ ಯೂನಿಯನ್, ಮನಿಗ್ರಾಂ ಥರದ ಸೇವೆಗಳ ಬಗ್ಗೆ ಜನ ಬರೆಯುವ ವಿಮರ್ಶೆಗಳಲ್ಲಿ ಎರಡೇ ಜಾತಿ. ಒಂದು, "ಕೆಲವೇ ನಿಮಿಷದಲ್ಲಿ ದುಡ್ಡು ಕೈಗೆ ಸಿಕ್ಕಿತು, ಸೂಪರ್". ಇನ್ನೊಂದು, "ಕಳ್ಳರ ಕಂಪನಿ, ನನ್ನ ದುಡ್ಡೆಲ್ಲ ಹೋಯಿತು, ಕೇಳುವವರೇ ಇಲ್ಲ". ನಡುವಿನದು ಕಡಿಮೆ. ಎರಡೂ ನಿಜವೇ. ಮೊದಲನೆಯವರಿಗೆ ಇಷ್ಟವಾದ ಆ ವೇಗವೇ ಎರಡನೆಯವರ ದುಡ್ಡು ನುಂಗಿದ್ದು. ಹಾಗಾಗಿ ಯಾರ ಶುಲ್ಕ ಕಡಿಮೆ, ಯಾರ ಆ್ಯಪ್ ಚೆನ್ನಾಗಿದೆ ಅನ್ನುವುದನ್ನು ಇಲ್ಲಿ ಹೆಚ್ಚು ಕೆದಕುವುದಿಲ್ಲ. ಈ ಕಡೆ ನಗದು ಕಟ್ಟಿ ಆ ಕಡೆ ನಗದು ಎಣಿಸಿಕೊಳ್ಳುವ ಈ ಏರ್ಪಾಡು ಮೋಸಗಾರರಿಗೆ ಯಾಕೆ ಇಷ್ಟೊಂದು ಅನುಕೂಲ ಅನ್ನುವುದೇ ನನ್ನ ವಿಷಯ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಬ್ಯಾಂಕ್ ಖಾತೆ ಬೇಕಿಲ್ಲ. ಕೌಂಟರಿನಲ್ಲಿ ನಗದು ಕೊಡುತ್ತೀರಿ, ಪಡೆಯುವವರ ಹೆಸರನ್ನು ಅವರ ಗುರುತಿನ ಚೀಟಿಯಲ್ಲಿ ಇರುವ ಹಾಗೆಯೇ ಬರೆಯುತ್ತೀರಿ, ಒಂದು ನಂಬರ್ ಸಿಗುತ್ತದೆ. ವೆಸ್ಟರ್ನ್ ಯೂನಿಯನ್‌ನಲ್ಲಿ ಅದನ್ನು ಎಂಟಿಸಿಎನ್ ಅನ್ನುತ್ತಾರೆ, 10 ಅಂಕಿಯದು. ಮನಿಗ್ರಾಂನಲ್ಲಿ 8 ಅಂಕಿಯ ರೆಫರೆನ್ಸ್ ನಂಬರ್. ಆ ನಂಬರ್ ಮತ್ತು ಗುರುತಿನ ಚೀಟಿ ಹಿಡಿದು ಹೋದರೆ ಜಗತ್ತಿನ ಇನ್ನೊಂದು ಮೂಲೆಯಲ್ಲಿ ದುಡ್ಡು ಸಿಗುತ್ತದೆ. ಪರ್ಸ್ ಕಳೆದುಕೊಂಡು ಪರದೇಶದಲ್ಲಿ ಸಿಕ್ಕಿಹಾಕಿಕೊಂಡವರಿಗೆ, ಬ್ಯಾಂಕೇ ಇಲ್ಲದ ಊರಿನಲ್ಲಿ ಇರುವ ತಂದೆತಾಯಿಗೆ ಕಳಿಸುವವರಿಗೆ ಇದಕ್ಕಿಂತ ಸುಲಭದ್ದು ಇವತ್ತಿಗೂ ಕಡಿಮೆ. ವೆಸ್ಟರ್ನ್ ಯೂನಿಯನ್ 1851ರಲ್ಲಿ ತಂತಿ ಕಂಪನಿಯಾಗಿ ಹುಟ್ಟಿದ್ದು, 1871ರಿಂದ ಹಣ ಕಳಿಸುವ ಕೆಲಸ ಮಾಡುತ್ತಿದೆ. 2006ರ ಜನವರಿಯಲ್ಲಿ ತಂತಿ ಸೇವೆಯನ್ನೇ ನಿಲ್ಲಿಸಿತು, ದುಡ್ಡು ಕಳಿಸುವುದು ಮಾತ್ರ ನಿಲ್ಲಲಿಲ್ಲ. ಇಷ್ಟು ವರ್ಷ ನಡೆದಿದೆ ಅಂದರೆ ಜನರಿಗೆ ಉಪಯೋಗ ಇದೆ ಅಂತಲೇ ಅಲ್ವಾ.

ಈಗ ತೊಂದರೆ. ಕಾರ್ಡಿನಲ್ಲಿ ಏನಾದರೂ ಕೊಂಡು ಮೋಸ ಹೋದರೆ ಬ್ಯಾಂಕಿಗೆ ತಕರಾರು ಕೊಡಬಹುದು, ಎಷ್ಟೋ ಸಲ ದುಡ್ಡು ವಾಪಸ್ ಬರುತ್ತದೆ. ಖಾತೆಯಿಂದ ಖಾತೆಗೆ ಹೋದ ದುಡ್ಡಿಗೆ ಕೊನೇ ಪಕ್ಷ ಒಂದು ಜಾಡು ಇರುತ್ತದೆ. ನಗದು ಹಾಗಲ್ಲ. ಆ ಕಡೆಯವನು ಎಣಿಸಿ ಜೇಬಿಗೆ ಹಾಕಿಕೊಂಡ ಕ್ಷಣಕ್ಕೆ ವ್ಯವಹಾರ ಮುಗಿಯಿತು, ಆಮೇಲೆ ಉಳಿಯುವುದು ಒಂದು ಹೆಸರು ಮತ್ತು ಒಂದು ಗುರುತಿನ ಚೀಟಿಯ ವಿವರ, ಅದೂ ನಕಲಿ ಇರಬಹುದು. ದುಡ್ಡು ತೆಗೆಯುವ ಮುಂಚೆ ನೀವು ಎಚ್ಚೆತ್ತುಕೊಂಡರೆ ರದ್ದು ಮಾಡಿಸಬಹುದು. ಅಮೆರಿಕದಿಂದ ಹೊರದೇಶಕ್ಕೆ ಕಳಿಸಿದರೆ, ಹಣ ಕಟ್ಟಿದ 30 ನಿಮಿಷದೊಳಗೆ ರದ್ದು ಮಾಡುವ ಹಕ್ಕು ಅಲ್ಲಿನ ನಿಯಮದಲ್ಲೇ ಇದೆ, ಆದರೆ ಅಷ್ಟರಲ್ಲಿ ಆ ಕಡೆಯವರು ಹಣ ತೆಗೆದಿರಬಾರದು. ಆ "ತೆಗೆದಿರಬಾರದು" ಅನ್ನುವುದರಲ್ಲೇ ಎಲ್ಲ ಇದೆ. ಮೋಸಗಾರ ಕಾಯುತ್ತಾ ಕೂತಿರುತ್ತಾನೆ, ನಿಮ್ಮಿಂದ ನಂಬರ್ ಬಂದ ಕೂಡಲೇ ಕೌಂಟರಿಗೆ ಹೋಗುತ್ತಾನೆ.

ಜನ ತಪ್ಪು ತಿಳಿಯುವುದು ಇಲ್ಲೇ. ಕಂಪನಿ ದೊಡ್ಡದು, ಬೋರ್ಡ್ ಎಲ್ಲ ಕಡೆ ಕಾಣುತ್ತದೆ, ಹಾಗಾಗಿ ವ್ಯವಹಾರ ಸರಿಹೋಗುವ ತನಕ ಕಂಪನಿ ದುಡ್ಡನ್ನು ಇಟ್ಟುಕೊಂಡಿರುತ್ತದೆ ಅಂತ ಅಂದುಕೊಳ್ಳುತ್ತಾರೆ. ಹಾಗೇನೂ ಇಲ್ಲ. ನೀವು ಕೊಂಡ ಸಾಮಾನು ಬಂತಾ, ಬಾಡಿಗೆಗೆ ನೋಡಿದ ಮನೆ ನಿಜವಾಗಿ ಇದೆಯಾ ಅಂತ ನೋಡುವುದು ಅವರ ಕೆಲಸವೇ ಅಲ್ಲ. ಹಳೆಯ ಫಾರಂಗಳಲ್ಲಿ ಒಂದು ಗುಪ್ತ ಪ್ರಶ್ನೆ ಬರೆಯುವ ಜಾಗ ಇರುತ್ತಿತ್ತು, ಗುರುತಿನ ಚೀಟಿ ಇಲ್ಲದವರು ಸಣ್ಣ ಮೊತ್ತ ಪಡೆಯುವುದಕ್ಕೆ. ಮೋಸಗಾರರು ಇದನ್ನೇ ಹಿಡಿದುಕೊಂಡರು. "ಪ್ರಶ್ನೆ ಹಾಕಿಡಿ, ಸಾಮಾನು ಕೈಗೆ ಬಂದ ಮೇಲೆ ಉತ್ತರ ಹೇಳಿ, ಅಲ್ಲಿಯವರೆಗೆ ನನಗೆ ದುಡ್ಡು ಸಿಗುವುದಿಲ್ಲ" ಅಂತ ಧೈರ್ಯ ತುಂಬುತ್ತಿದ್ದರು. ಉತ್ತರ ಗೊತ್ತಿಲ್ಲದಿದ್ದರೂ ಗುರುತಿನ ಚೀಟಿ ತೋರಿಸಿ ಹಣ ತೆಗೆಯಬಹುದಿತ್ತು. ಕಳಿಸಿದವರು ಮಾತ್ರ ಬೀಗ ಹಾಕಿ ಕೀಲಿ ತನ್ನ ಹತ್ತಿರವೇ ಇದೆ ಅಂತ ನೆಮ್ಮದಿಯಾಗಿ ಇರುತ್ತಿದ್ದರು.

ಇದಕ್ಕಿಂತ ಚಾಲಾಕಿನದು ಇನ್ನೊಂದು ಇದೆ. ನಾನು ನೋಡಿದ ಮೋಸಗಳಲ್ಲಿ ಇದೇ ಅತಿ ಜಾಣತನದ್ದು, ಓದು ಬರಹ ಬಲ್ಲ ಹುಷಾರಿ ಜನರೇ ಬೀಳುವುದು. ಬಾಡಿಗೆ ಮನೆ ನೋಡುತ್ತಿದ್ದೀರಿ ಅಂದುಕೊಳ್ಳಿ. ಮಾಲೀಕ ಅನ್ನುವವನು ಹೇಳುತ್ತಾನೆ, "ನನಗೆ ದುಡ್ಡು ಕಳಿಸಬೇಡಿ, ನಿಮ್ಮ ಮೇಲೆ ನನಗೂ ನಂಬಿಕೆ ಬರಬೇಕಲ್ಲ, ನಿಮ್ಮ ಗೆಳೆಯರಿಗೋ ಹೆಂಡತಿಗೋ ಅಷ್ಟು ಮೊತ್ತ ಕಳಿಸಿ ರಸೀದಿಯ ಫೋಟೋ ತೋರಿಸಿ ಸಾಕು, ನಿಮ್ಮ ಹತ್ತಿರ ದುಡ್ಡು ಇದೆ ಅಂತ ಗೊತ್ತಾಗುತ್ತದೆ". ಕೇಳಿದರೆ ಎಷ್ಟು ನ್ಯಾಯವಾಗಿ ಇದೆ! ದುಡ್ಡು ಹೋಗುತ್ತಿರುವುದು ನಿಮ್ಮವರಿಗೇ ಅಲ್ಲವೇ. ಆದರೆ ರಸೀದಿಯಲ್ಲಿ ಪಡೆಯುವವರ ಹೆಸರಿದೆ, ಮೊತ್ತ ಇದೆ, ಆ ನಂಬರ್ ಇದೆ. ಅವನು ಅದೇ ಹೆಸರಿನಲ್ಲಿ ನಕಲಿ ಗುರುತಿನ ಚೀಟಿ ಮಾಡಿಸಿ ಬೇರೆಲ್ಲೋ ಹೋಗಿ ಹಣ ಎತ್ತುತ್ತಾನೆ. ನಿಮ್ಮ ಗೆಳೆಯ ಕೌಂಟರಿಗೆ ಹೋಗಿ ಕೇಳಿದರೆ "ಆಗಲೇ ಕೊಟ್ಟಾಗಿದೆ" ಅನ್ನುತ್ತಾರೆ. ನಂಬರನ್ನು ಅಳಿಸಿ ಫೋಟೋ ಕಳಿಸಿದೆ ಅನ್ನುವವರಿಗೆ ಒಂದು ಮಾತು: ಪೂರ್ತಿ ರಸೀದಿ ಬೇಕು ಅಂತ ಅವನು ಮತ್ತೆ ಪೀಡಿಸುತ್ತಾನೆ, ನೀವು ಮಣಿಯುವ ತನಕ. ಬೇರೆಯವರಿಗೆ ರಸೀದಿ ತೋರಿಸುವ ಅಗತ್ಯ ಈ ಸೇವೆಯಲ್ಲಿ ಎಲ್ಲಿಯೂ ಇಲ್ಲ.

ವಿಮರ್ಶೆ ಬರೆಯುವವನಾಗಿ ನನಗೆ ನಗು ಬಂದಿದ್ದು ಗುಪ್ತ ಗ್ರಾಹಕ ಕೆಲಸದ ಮೋಸಕ್ಕೆ. "ಹಣ ವರ್ಗಾವಣೆ ಕೌಂಟರ್‌ಗಳ ಸೇವೆ ಹೇಗಿದೆ ಅಂತ ಗುಟ್ಟಾಗಿ ಪರೀಕ್ಷಿಸಿ ವರದಿ ಕೊಡಿ, ಸಂಬಳ ಕೊಡುತ್ತೇವೆ" ಅಂತ ಪತ್ರ ಬರುತ್ತದೆ, ಜೊತೆಗೆ ಒಂದು ಚೆಕ್. ಚೆಕ್ಕನ್ನು ಖಾತೆಗೆ ಹಾಕಿ, ಅದರಲ್ಲಿ ನಿಮ್ಮ ಸಂಬಳ ಇಟ್ಟುಕೊಂಡು, ಉಳಿದದ್ದನ್ನು ಇಂಥವರ ಹೆಸರಿಗೆ ಕಳಿಸಿ, ಗುಮಾಸ್ತ ನಗುತ್ತಾ ಮಾತಾಡಿದನಾ, ಎಷ್ಟು ಹೊತ್ತು ಕಾಯಿಸಿದ ಅಂತ ಬರೆಯಬೇಕು. ಖಾತೆಯಲ್ಲಿ ದುಡ್ಡು ಕಾಣಿಸುತ್ತದೆ, ಆದ್ದರಿಂದ ಚೆಕ್ ಪಾಸಾಯಿತು ಅಂತ ಅನ್ನಿಸುತ್ತದೆ. ಬ್ಯಾಂಕು ಮೊತ್ತ ತೋರಿಸುವುದಕ್ಕೂ ಚೆಕ್ ನಿಜವಾಗಿ ಪಾಸಾಗುವುದಕ್ಕೂ ವ್ಯತ್ಯಾಸ ಇದೆ, ನಕಲಿ ಅಂತ ಗೊತ್ತಾಗುವುದಕ್ಕೆ ಕೆಲವು ಸಲ ವಾರಗಳೇ ಬೇಕು. ಆಗ ಚೆಕ್ಕಿನ ಪೂರ್ತಿ ಮೊತ್ತವನ್ನು ಬ್ಯಾಂಕು ನಿಮ್ಮಿಂದಲೇ ಕೇಳುತ್ತದೆ. ಪಾಪ, ಕೆಲವರು ಕೌಂಟರ್ ಬಗ್ಗೆ ಒಳ್ಳೆಯ ವರದಿಯನ್ನೇ ಬರೆದಿರುತ್ತಾರೆ.

ಉಳಿದವು ನಿಮಗೆ ಗೊತ್ತಿರುವಂಥವೇ. ಬರದ ಲಾಟರಿಗೆ ಮುಂಗಡ ತೆರಿಗೆ, ನೋಡದ ಪ್ರೇಮಿಗೆ ವಿಮಾನದ ಟಿಕೆಟ್, "ಅಜ್ಜಿ, ನಾನು, ಪೊಲೀಸರು ಹಿಡಿದಿದ್ದಾರೆ, ಅಪ್ಪನಿಗೆ ಹೇಳಬೇಡ" ಅನ್ನುವ ಫೋನ್. ಕೊನೆಯದಕ್ಕೆ ಈಗ ಮೊಮ್ಮಗನ ಧ್ವನಿಯನ್ನೇ ನಕಲು ಮಾಡುವ ಸಾಫ್ಟ್‌ವೇರ್ ಬಂದಿದೆ, ಹಾಗಾಗಿ ಧ್ವನಿ ಕೇಳಿ ನಂಬುವ ಕಾಲ ಹೋಯಿತು. ಫೋನ್ ಇಟ್ಟು, ನಿಮ್ಮ ಹತ್ತಿರ ಮೊದಲಿಂದ ಇರುವ ನಂಬರಿಗೆ ನೀವೇ ಮಾಡಿ.

ಕೌಂಟರಿನವರು ಎಚ್ಚರಿಕೆ ಕೊಡುವುದಿಲ್ಲವೇ? ಕೊಡುತ್ತಾರೆ. ಫಾರಂ ಮೇಲೆ ಇರುತ್ತದೆ, ಪೋಸ್ಟರ್ ಇರುತ್ತದೆ, "ಈ ವ್ಯಕ್ತಿ ನಿಮಗೆ ಪರಿಚಯವೇ" ಅಂತ ಕೇಳುತ್ತಾರೆ. ಆದರೆ ಮೋಸಗಾರ ಆ ಪ್ರಶ್ನೆಗೆ ಏನು ಉತ್ತರ ಕೊಡಬೇಕು ಅಂತ ಮೊದಲೇ ಪಾಠ ಹೇಳಿಕೊಟ್ಟಿರುತ್ತಾನೆ: ಕೇಳಿದರೆ ಸಂಬಂಧಿಕರು ಅನ್ನಿ, ಒಂದೇ ಕಡೆ ಜಾಸ್ತಿ ಕಟ್ಟಬೇಡಿ, ಬೇರೆ ಬೇರೆ ಅಂಗಡಿಯಲ್ಲಿ ಸ್ವಲ್ಪ ಸ್ವಲ್ಪ ಕಟ್ಟಿ. ಕೌಂಟರಿನಲ್ಲಿ ಸುಳ್ಳು ಹೇಳಿ ಅಂತ ಯಾರೇ ಹೇಳಿದರೂ, ಅವರು ಪೊಲೀಸ್ ಅಂದರೂ ವಕೀಲ ಅಂದರೂ ತೆರಿಗೆ ಅಧಿಕಾರಿ ಅಂದರೂ, ಅಲ್ಲಿಂದ ದುಡ್ಡು ಸಮೇತ ವಾಪಸ್ ಬನ್ನಿ. ಯಾವ ಸರ್ಕಾರವೂ ದಂಡವನ್ನು ಬೇರೆ ದೇಶದ ಒಬ್ಬ ವ್ಯಕ್ತಿಯ ಹೆಸರಿಗೆ ನಗದಾಗಿ ಕಟ್ಟಿಸಿಕೊಳ್ಳುವುದಿಲ್ಲ.

ಗುಮಾಸ್ತನ ಕಡೆಯಿಂದಲೂ ನೋಡಿ. ಈ ಕೌಂಟರ್‌ಗಳಲ್ಲಿ ಬಹಳಷ್ಟು ಕಂಪನಿಯ ಸ್ವಂತದ್ದಲ್ಲ, ಏಜೆಂಟರದ್ದು. ಪ್ರತಿ ವ್ಯವಹಾರಕ್ಕೂ ಕಮಿಷನ್. ಸಂಶಯಪಟ್ಟು ಗ್ರಾಹಕರನ್ನು ವಾಪಸ್ ಕಳಿಸಿದರೆ ಕಮಿಷನ್ ಹೋಗುತ್ತದೆ. ಬಹಳ ಜನ ಪ್ರಾಮಾಣಿಕರೇ, ಆದರೆ ಏರ್ಪಾಡಿನ ಒಲವು ಯಾವ ಕಡೆ ಅನ್ನುವುದು ಇದರಲ್ಲೇ ಕಾಣುತ್ತದೆ. ಇದು ನನ್ನ ಊಹೆ ಮಾತ್ರ ಅಲ್ಲ. ಅಮೆರಿಕದಲ್ಲಿ 2017ರ ಜನವರಿಯಲ್ಲಿ ವೆಸ್ಟರ್ನ್ ಯೂನಿಯನ್ 58.6 ಕೋಟಿ ಡಾಲರ್ ಕಟ್ಟಲು ಒಪ್ಪಿತು, ವಂಚನೆಗೆ ನೆರವಾದದ್ದನ್ನೂ ಒಪ್ಪಿಕೊಂಡಿತು. ಕೆಲವು ಏಜೆಂಟರು ಮೋಸಗಾರರ ಜೊತೆ ಶಾಮೀಲಾಗಿದ್ದರು, ಅದು ಗೊತ್ತಿದ್ದೂ ಕಂಪನಿ ಅವರನ್ನು ತೆಗೆದುಹಾಕಲಿಲ್ಲ ಅನ್ನುವುದು ಅಲ್ಲಿನ ಆರೋಪದ ತಿರುಳು. 2004ರಿಂದ 2015ರ ನಡುವೆ ಮೋಸದ ಬಗ್ಗೆ 5 ಲಕ್ಷಕ್ಕೂ ಹೆಚ್ಚು ದೂರು ಕಂಪನಿಗೆ ಬಂದಿದ್ದವು ಅಂತ ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಹೇಳಿತು. ಮನಿಗ್ರಾಂ ಕಥೆಯೂ ಬೇರೆ ಅಲ್ಲ. 2009ರಲ್ಲಿ 1.8 ಕೋಟಿ ಡಾಲರ್, 2012ರಲ್ಲಿ 10 ಕೋಟಿ, ಅದಾದ ಮೇಲೂ ಸುಧಾರಿಸಲಿಲ್ಲ ಅಂತ 2018ರಲ್ಲಿ 12.5 ಕೋಟಿ. ಮೋಸಗಾರರ ವ್ಯವಹಾರ ತಡೆಯಬೇಕಿದ್ದ ಕಂಪ್ಯೂಟರ್ ವ್ಯವಸ್ಥೆಯೇ ಸುಮಾರು 18 ತಿಂಗಳು ಸರಿಯಾಗಿ ಕೆಲಸ ಮಾಡಿರಲಿಲ್ಲ ಅನ್ನುವುದು ಆ ಕೊನೆಯ ದೂರಿನಲ್ಲಿ ಇತ್ತು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನಬಹುದು, ಆದರೂ ಬಾಗಿಲು ಹಾಕಿದ್ದು ಒಳ್ಳೆಯದೇ. ಫೋನಿನಲ್ಲಿ ಮಾರಾಟ ಮಾಡುವವರು ಈ ಥರ ನಗದು ವರ್ಗಾವಣೆಯಲ್ಲಿ ದುಡ್ಡು ಕೇಳುವುದನ್ನೇ ಅಮೆರಿಕ 2016ರಿಂದ ನಿಷೇಧಿಸಿದೆ. ಆ 58.6 ಕೋಟಿಯಲ್ಲಿ ಮೊದಲ ಕಂತು ಮೋಸಹೋದವರಿಗೆ ಹಂಚಿಕೆಯಾಗಿದ್ದು 2020ರ ಮಾರ್ಚ್‌ನಲ್ಲಿ, 1 ಲಕ್ಷಕ್ಕೂ ಹೆಚ್ಚು ಜನರಿಗೆ. 2004ರಲ್ಲಿ ದುಡ್ಡು ಕಳೆದುಕೊಂಡವರು ಎಷ್ಟು ವರ್ಷ ಕಾದರು ಅಂತ ನೀವೇ ಲೆಕ್ಕ ಹಾಕಿ. ಅದೂ ರಸೀದಿ, ದಾಖಲೆ ಏನಾದರೂ ಇದ್ದವರಿಗೆ ಸುಲಭ, ಎಲ್ಲ ಬಿಸಾಡಿದವರಿಗೆ ಕಷ್ಟ.

ಕಳಿಸುವವರಿಗೆ ಮಾತ್ರ ಅಪಾಯ ಅಂದುಕೊಳ್ಳಬೇಡಿ, ಪಡೆಯುವವರಿಗೂ ಇದೆ. "ಮನೆಯಲ್ಲೇ ಕೂತು ಕೆಲಸ, ನಿಮ್ಮ ಖಾತೆಗೆ ದುಡ್ಡು ಬರುತ್ತದೆ, ನಗದಾಗಿ ತೆಗೆದು ನಾವು ಹೇಳಿದವರಿಗೆ ಕಳಿಸಿ, ಕಮಿಷನ್ ಇಟ್ಟುಕೊಳ್ಳಿ" ಅನ್ನುವ ಉದ್ಯೋಗ ಬಂದರೆ ಅದು ಉದ್ಯೋಗ ಅಲ್ಲ. ಬೇರೊಬ್ಬರನ್ನು ಯಾಮಾರಿಸಿ ತಂದ ದುಡ್ಡು ನಿಮ್ಮ ಹೆಸರಿನ ಮೇಲೆ ದಾಟುತ್ತಿದೆ. ಪೊಲೀಸರು ಮೊದಲು ಬಾಗಿಲು ತಟ್ಟುವುದು ನಿಮ್ಮ ಮನೆಯದನ್ನೇ, ಯಾಕೆಂದರೆ ಆ ಸರಪಳಿಯಲ್ಲಿ ಅಸಲಿ ಹೆಸರು, ಅಸಲಿ ವಿಳಾಸ ಇರುವುದು ನಿಮ್ಮದು ಒಂದೇ.

ಆ್ಯಪ್‌ಗಳ ವಿಷಯ ಚಿಕ್ಕದಾಗಿ. ಈಗ ಇವೇ ಕಂಪನಿಗಳ ಆ್ಯಪ್‌ನಲ್ಲಿ ಕಾರ್ಡಿನಿಂದ ಕಟ್ಟಿ ಆ ಕಡೆ ನಗದು ಕೊಡಿಸಬಹುದು. ಕೌಂಟರಿಗೆ ಹೋಗುವ ತಾಪತ್ರಯ ಇಲ್ಲ, ಆದರೆ "ಪರಿಚಯವೇ" ಅಂತ ಮುಖ ನೋಡಿ ಕೇಳುವ ಒಬ್ಬ ಮನುಷ್ಯನೂ ಇಲ್ಲ. ಶುಲ್ಕ ಸೊನ್ನೆ ಅಂತ ಹಾಕಿದ್ದರೆ ವಿನಿಮಯ ದರ ನೋಡಿ, ಅವರ ಲಾಭ ಅಲ್ಲಿ ಕೂತಿರುತ್ತದೆ. ಅದು ಮೋಸ ಅಲ್ಲ, ವ್ಯಾಪಾರ, ಆದರೂ ಗೊತ್ತಿರಲಿ.

ನನ್ನ ಅಂಕ ಹೀಗೆ. ನಿಮ್ಮ ಸ್ವಂತ ಅಕ್ಕನಿಗೆ, ಮಗನಿಗೆ, ಕಣ್ಣಾರೆ ನೋಡಿ ವರ್ಷಗಳಿಂದ ಬಲ್ಲ ಗೆಳೆಯನಿಗೆ ತುರ್ತಾಗಿ ಕಳಿಸುವುದಕ್ಕೆ ಐದಕ್ಕೆ ನಾಲ್ಕು, ಧಾರಾಳವಾಗಿ. ಸಾಮಾನು ಕೊಳ್ಳುವುದಕ್ಕೆ, ಬಾಡಿಗೆ ಮುಂಗಡಕ್ಕೆ, ಕೆಲಸ ಕೊಡಿಸುವವನಿಗೆ, ನೆಟ್‌ನಲ್ಲಿ ಮಾತ್ರ ಪರಿಚಯವಾದವರಿಗೆ ಸೊನ್ನೆ. ಈ ಎರಡರ ನಡುವೆ ಸುಮ್ನೆ ಐದಕ್ಕೆ ಎರಡು ಅಂತ ಸರಾಸರಿ ಕೊಟ್ಟರೆ ಯಾರಿಗೂ ಪ್ರಯೋಜನ ಇಲ್ಲ.

ಆಗಲೇ ಕಳಿಸಿಬಿಟ್ಟಿದ್ದೀರಿ, ಈಗ ಅನುಮಾನ ಬಂದಿದೆ ಅಂದರೆ ಇದನ್ನು ಓದುವುದು ಬಿಟ್ಟು ಮೊದಲು ಕಂಪನಿಗೆ ಫೋನ್ ಮಾಡಿ, ರದ್ದು ಮಾಡಿ ಅಂತ ಕೇಳಿ. ಕಂಪನಿಯ ಫೋನ್ ನಂಬರನ್ನು ರಸೀದಿಯಿಂದ ತೆಗೆದುಕೊಳ್ಳಿ, ನೆಟ್‌ನಲ್ಲಿ ಹುಡುಕಬೇಡಿ, ಕಸ್ಟಮರ್ ಕೇರ್ ಅಂತ ಅಲ್ಲಿ ನಕಲಿ ನಂಬರ್‌ಗಳೂ ಇರುತ್ತವೆ. ಆಮೇಲೆ ಪೊಲೀಸ್ ದೂರು. ಕೆಲವು ದಿನ ಬಿಟ್ಟು "ನಿಮ್ಮ ಹೋದ ದುಡ್ಡು ವಾಪಸ್ ಕೊಡಿಸುತ್ತೇವೆ, ಸ್ವಲ್ಪ ಶುಲ್ಕ ಕಟ್ಟಿ" ಅಂತ ಯಾರಾದರೂ ಬಂದರೆ ಅದು ಎರಡನೇ ಸಲದ ಪಂಗನಾಮ, ಎಷ್ಟೋ ಸಲ ಮೊದಲಿನ ತಂಡದ್ದೇ. ಕಂಪನಿಗೆ ಬರೆಯುವ ದೂರಿನಲ್ಲಿ ಒಂದು ಸಾಲು ಬಿಡಬೇಡಿ: ಈ ವ್ಯವಹಾರದಲ್ಲಿ ನಿಮ್ಮ ಏಜೆಂಟ್ ಮೋಸ ತಡೆಯುವ ನಿಯಮಗಳನ್ನು ಪಾಲಿಸಿದ್ದಾನೆಯೇ, ಹಣ ಕೊಡುವಾಗ ಯಾವ ಗುರುತಿನ ಚೀಟಿ ನೋಡಿದ್ದಾನೆ ಅಂತ ಲಿಖಿತವಾಗಿ ಕೇಳಿ. ಅಮೆರಿಕದ 2017ರ ಆ ಪ್ರಕರಣದಲ್ಲಿ ಬಂದ ಆದೇಶದ ಪ್ರಕಾರ, ತನ್ನದೇ ನಿಯಮ ಪಾಲಿಸದೆ ಹೋದ ಮೋಸದ ವ್ಯವಹಾರಕ್ಕೆ ವೆಸ್ಟರ್ನ್ ಯೂನಿಯನ್ ಹಣ ಮರಳಿಸಬೇಕು. ಬೇರೆ ದೇಶದಲ್ಲಿ, ಬೇರೆ ಕಂಪನಿಯಲ್ಲಿ ಅದೇ ಅನ್ವಯ ಆಗದಿರಬಹುದು, ಆದರೆ ಈ ಪ್ರಶ್ನೆ ಕೇಳಿದ ದೂರಿಗೆ "ಕ್ಷಮಿಸಿ, ಹಣ ಪಾವತಿಯಾಗಿದೆ" ಅಂತ ಒಂದೇ ಸಾಲಿನ ಉತ್ತರ ಕೊಟ್ಟು ಮುಗಿಸುವುದು ಅವರಿಗೆ ಸ್ವಲ್ಪ ಕಷ್ಟ.