ಅಳಿಸಿದರೆ ಏನಾಗುತ್ತದೆ? ಫೋಟೊ ಇಡಲು ನಾಲ್ಕು ದಾರಿ ಬಳಸಿ ನೋಡಿದ ಮೇಲೆ

ಅಜ್ಜಿ ನನ್ನ ಮಗಳಿಗೆ ಕಥೆ ಹೇಳುತ್ತಿದ್ದ ಒಂದು ವಿಡಿಯೊ ಇತ್ತು. ಒಂದೂವರೆ ನಿಮಿಷದ್ದು. ಅಜ್ಜಿ ತೀರಿಕೊಂಡ ಮೇಲೆ ಹುಡುಕಿದಾಗ ಸಿಕ್ಕಿದ್ದು ಚಾಟ್‌ನಲ್ಲಿ ತಮ್ಮನಿಗೆ ಕಳಿಸಿದ್ದ ಪ್ರತಿ ಮಾತ್ರ. ಮುಖ ಮಸುಕು, ದನಿ ಎಲ್ಲೋ ದೂರದಿಂದ ಬಂದಂತೆ. ಮೂಲ ವಿಡಿಯೊ ಎಲ್ಲಿ ಹೋಯಿತು ಎಂದು ಹಿಂದೆ ಹಿಂದೆ ನೆನಪಿಸಿಕೊಂಡೆ. ಫೋನಿನಲ್ಲಿ ಜಾಗ ಸಾಲದಾದಾಗ, 'ಹೇಗೂ ಕ್ಲೌಡ್‌ನಲ್ಲಿ ಇದೆಯಲ್ಲ' ಅಂದುಕೊಂಡು ದೊಡ್ಡ ವಿಡಿಯೊಗಳನ್ನೆಲ್ಲ ಅಳಿಸಿದ್ದೆ. ಫೋನಿನಲ್ಲಿ ಅಳಿಸಿದ್ದು ಕ್ಲೌಡ್‌ನಲ್ಲೂ ಅಳಿದಿತ್ತು. ನನಗೆ ಗೊತ್ತಾಗುವ ಹೊತ್ತಿಗೆ ಟ್ರ್ಯಾಶ್‌ನ ಗಡುವೂ ಮುಗಿದಿತ್ತು.

ಆಮೇಲೆ ಒಂದು ವರ್ಷ ನಾಲ್ಕು ದಾರಿಗಳನ್ನು ಬಳಸಿ ನೋಡಿದೆ: ಗೂಗಲ್ ಫೋಟೋಸ್, ಐಕ್ಲೌಡ್ ಫೋಟೋಸ್, ಸಿಂಕ್‌ಥಿಂಗ್, ಇಮ್ಮಿಚ್. ನನ್ನದು ಆಂಡ್ರಾಯ್ಡ್, ಹೆಂಡತಿಯದು ಐಫೋನ್, ಇಬ್ಬರಿಗೂ ಸೇರಿ ಒಂದು ಲ್ಯಾಪ್‌ಟಾಪ್. ಫೋಟೊಗಳು 40,000 ದಾಟಿವೆ. ಎಲ್ಲಕ್ಕೂ ನಾನು ಕೇಳಿದ್ದು ಎರಡೇ ಪ್ರಶ್ನೆ. ಒಂದು, ನಾನು ಅಳಿಸಿದರೆ ಏನಾಗುತ್ತದೆ? ಎರಡು, ನಾಳೆ ಬಿಟ್ಟು ಹೊರಟರೆ ನನ್ನ ಜೊತೆ ಏನೇನು ಬರುತ್ತದೆ? ಆಪ್ ಎಷ್ಟು ಚೆನ್ನಾಗಿದೆ, ಎಷ್ಟು ಬೇಗ ತೆರೆದುಕೊಳ್ಳುತ್ತದೆ ಎನ್ನುವುದೆಲ್ಲ ಆಮೇಲಿನ ಮಾತು.

ಮೊದಲ ಪ್ರಶ್ನೆಗೆ ಪರೀಕ್ಷೆ ಸುಲಭ. ಗೋಡೆ, ಮೇಜು, ಕಿಟಕಿ ಅಂತ 20 ಬೇಡದ ಫೋಟೊ ತೆಗೆಯುವುದು. ಎಲ್ಲ ಅಪ್‌ಲೋಡ್ ಆದದ್ದು ಖಾತ್ರಿಯಾದ ಮೇಲೆ 10 ಫೋಟೊ ಫೋನಿನಿಂದ ಅಳಿಸುವುದು, ಇನ್ನು 10 ಲ್ಯಾಪ್‌ಟಾಪ್‌ನಿಂದ. ನಂತರ ಎಲ್ಲೆಲ್ಲಿ ಏನು ಉಳಿದಿದೆ ನೋಡುವುದು. ಅರ್ಧ ಗಂಟೆಯ ಕೆಲಸ. ನೀವು ಏನೇ ಬಳಸುತ್ತಿದ್ದರೂ ಇದನ್ನೊಮ್ಮೆ ಮಾಡಿ. ಇಂಥ ಗೋಡೆಯ ಫೋಟೊಗಳಿಂದ ನಾನು ಕಲಿತಷ್ಟು ಯಾವ ಸಹಾಯ ಪುಟದಿಂದಲೂ ಕಲಿಯಲಿಲ್ಲ.

ಐಕ್ಲೌಡ್ ಇದರಲ್ಲಿ ತುಂಬಾ ನೇರ. ಅದು ಸಿಂಕ್ (ಎಲ್ಲ ಕಡೆ ಒಂದೇ ಥರ ಇಡುವುದು), ಬ್ಯಾಕಪ್ (ಬೇರೆ ಪ್ರತಿ ಎತ್ತಿಡುವುದು) ಅಲ್ಲ. ಐಫೋನಿನಲ್ಲಿ ಅಳಿಸಿದರೆ ಐಪ್ಯಾಡ್, ಮ್ಯಾಕ್, ವೆಬ್ ಎಲ್ಲ ಕಡೆಯೂ ಹೋಗುತ್ತದೆ. 'ರೀಸೆಂಟ್ಲಿ ಡಿಲೀಟೆಡ್' ಆಲ್ಬಮ್‌ನಲ್ಲಿ 30 ದಿನ ಕಾದು ಕುಳಿತಿರುತ್ತದೆ, ಅಷ್ಟೇ. ಜಾಗ ಉಳಿಸಬೇಕಾದರೆ ಅಳಿಸಬಾರದು. 'ಆಪ್ಟಿಮೈಸ್ ಸ್ಟೋರೇಜ್' ಆನ್ ಮಾಡಬೇಕು. ಆಗ ಫೋನಿನಲ್ಲಿ ಜಾಗ ಕಡಿಮೆಯಾದಂತೆ ಸಣ್ಣ ಪ್ರತಿ ಮಾತ್ರ ಉಳಿದು, ಪೂರ್ತಿ ಗಾತ್ರದ್ದು ಕ್ಲೌಡ್‌ನಲ್ಲಿರುತ್ತದೆ. ಇದನ್ನು ಹೆಂಡತಿಗೆ ತೋರಿಸಿದಾಗ ಅವಳು ಕೇಳಿದಳು: "ಹಾಗಾದ್ರೆ ನನ್ನ ಫೋಟೊದ ಒಂದೇ ಒಂದು ಪೂರ್ತಿ ಪ್ರತಿ ಇರೋದು ಅವರ ಹತ್ತಿರಾನಾ?" ಹೌದು, ಅದೇ. ಆ ಪ್ರಶ್ನೆ ಎಲ್ಲರೂ ಕೇಳಿಕೊಳ್ಳಬೇಕಾದದ್ದು.

ಗೂಗಲ್ ಫೋಟೋಸ್ ಇದಕ್ಕಿಂತ ಸ್ವಲ್ಪ ಗೊಂದಲ. ಯಾಕೆಂದರೆ ಉತ್ತರ ಎಲ್ಲಿಂದ ಅಳಿಸಿದಿರಿ ಎನ್ನುವುದರ ಮೇಲಿದೆ. ಅದರದೇ ಆಪ್‌ನಲ್ಲಿ ಡಿಲೀಟ್ ಒತ್ತಿದರೆ ಫೋನು, ಕ್ಲೌಡ್ ಎರಡರಿಂದಲೂ ಹೋಗುತ್ತದೆ. ಬ್ಯಾಕಪ್ ಆದ ಫೋಟೊ ಟ್ರ್ಯಾಶ್‌ನಲ್ಲಿ 60 ದಿನ ಇರುತ್ತದೆ. ಅದೇ ಆಂಡ್ರಾಯ್ಡ್‌ನಲ್ಲಿ ಬೇರೆ ಗ್ಯಾಲರಿ ಆಪ್ ಅಥವಾ ಫೈಲ್ ಮ್ಯಾನೇಜರ್‌ನಿಂದ ಅಳಿಸಿದರೆ ಸಾಮಾನ್ಯವಾಗಿ ಫೋನಿನದು ಮಾತ್ರ ಹೋಗುತ್ತದೆ. ಜಾಗ ಬೇಕಾದಾಗ ಸರಿಯಾದ ಗುಂಡಿ 'ಫ್ರೀ ಅಪ್ ಸ್ಪೇಸ್'. ಅದು ಮೇಲೆ ಹೋಗಿರುವುದನ್ನು ಮಾತ್ರ ಫೋನಿನಿಂದ ತೆಗೆಯುತ್ತದೆ. ಒಂದೇ ಫೋನಿನಲ್ಲಿ, ಒಂದೇ ಫೋಟೊಗೆ, ನೋಡಲು ಒಂದೇ ಥರದ ಮೂರು ಕೆಲಸ, ಫಲ ಮಾತ್ರ ಒಂದೇ ಅಲ್ಲ. ಮನೆಯ ಹಿರಿಯರ ಫೋನಿಗೆ ಇದನ್ನು ಹಾಕಿಕೊಡುವವರು ಈ ವ್ಯತ್ಯಾಸ ಕೂತು ವಿವರಿಸಬೇಕು.

ಇನ್ನೊಂದು ವಿಷಯ. ಆಂಡ್ರಾಯ್ಡ್‌ನಲ್ಲಿ ಗೂಗಲ್ ಫೋಟೋಸ್ ಮೊದಲಿಗೆ ಕ್ಯಾಮೆರಾ ಫೋಲ್ಡರನ್ನು ಮಾತ್ರ ಮೇಲಕ್ಕೆ ಕಳಿಸುತ್ತದೆ. ವಾಟ್ಸ್‌ಆಪ್, ಸ್ಕ್ರೀನ್‌ಶಾಟ್, ಡೌನ್‌ಲೋಡ್ ಫೋಲ್ಡರುಗಳನ್ನು ನಾವೇ ಒಂದೊಂದಾಗಿ ಆನ್ ಮಾಡಬೇಕು. 'ಎಲ್ಲಾ ಬ್ಯಾಕಪ್ ಆಗಿದೆ' ಎಂದು ನಂಬಿದವರು ಈ ಪಟ್ಟಿಯನ್ನು ಈಗಲೇ ತೆರೆದು ನೋಡುವುದು ಒಳ್ಳೆಯದು.

ಸಿಂಕ್‌ಥಿಂಗ್‌ಗೆ ಕ್ಲೌಡೇ ಇಲ್ಲ. 2013ರಿಂದ ಇರುವ ಮುಕ್ತ ತಂತ್ರಾಂಶ ಇದು. ನಿಮ್ಮ ಫೋನು ಮತ್ತು ಕಂಪ್ಯೂಟರ್ ತಮ್ಮತಮ್ಮಲ್ಲೇ ಮಾತಾಡಿಕೊಂಡು ಫೋಲ್ಡರನ್ನು ಒಂದೇ ಥರ ಇಟ್ಟುಕೊಳ್ಳುತ್ತವೆ. ಅಳಿಸುವಿಕೆಯೂ ದಾಟುತ್ತದೆ. ಇಲ್ಲಿ ಬಹಳ ಜನ ಎಡವುತ್ತಾರೆ. ಫೋನಿನ ಫೋಲ್ಡರನ್ನು 'ಸೆಂಡ್ ಓನ್ಲಿ' ಮಾಡಿದರೆ ಸಾಕು, ಕಂಪ್ಯೂಟರ್‌ನಲ್ಲಿ ಎಲ್ಲ ಉಳಿಯುತ್ತದೆ ಎಂದು ನಾನೂ ಮೊದಲು ಅಂದುಕೊಂಡಿದ್ದೆ. ಉಳಿಯುವುದಿಲ್ಲ. ಅದು ಫೋಟೊಗಳನ್ನು ಕಳಿಸುವಂತೆ 'ಅಳಿಸಿದೆ' ಎಂಬ ಸುದ್ದಿಯನ್ನೂ ಕಳಿಸುತ್ತದೆ. ಕಂಪ್ಯೂಟರ್ ಕಡೆ ಫೈಲ್ ವರ್ಷನಿಂಗ್ ಆನ್ ಮಾಡಿದರೆ ಮಾತ್ರ ಅಳಿದ ಫೈಲು ಅಲ್ಲಿ ಒಂದು ಪಕ್ಕದ ಫೋಲ್ಡರಿಗೆ ಹೋಗಿ ಕೂರುತ್ತದೆ. ನಾನು ಮಾಡಿಕೊಂಡಿದ್ದು ಇಷ್ಟು: ವರ್ಷನಿಂಗ್ ಆನ್, ಮತ್ತು ಬಂದ ಫೋಟೊಗಳನ್ನು ವಾರಕ್ಕೊಮ್ಮೆ ವರ್ಷ, ತಿಂಗಳಿನ ಬೇರೆ ಫೋಲ್ಡರಿಗೆ ಕಾಪಿ ಮಾಡುವುದು. ಕಾಪಿ, ಮೂವ್ ಅಲ್ಲ. ಎರಡೂ ಕಡೆಯಿಂದ ಸಿಂಕ್ ಆಗುವ ಫೋಲ್ಡರಿನಿಂದ ಮೂವ್ ಮಾಡಿದರೆ ಫೋನಿನಿಂದಲೂ ಹೋಗುತ್ತದೆ.

ಇಮ್ಮಿಚ್ ನನ್ನ ಮೊದಲ ಪ್ರಶ್ನೆಗೆ ನನಗೆ ಬೇಕಾದ ಉತ್ತರ ಕೊಟ್ಟಿತು. ಇದು ಮನೆಯದೇ ಕಂಪ್ಯೂಟರ್‌ನಲ್ಲಿ ಓಡಿಸುವ ಸರ್ವರ್, ಅಂದರೆ ಫೋನುಗಳಿಂದ ಫೋಟೊ ಪಡೆದು ಇಟ್ಟುಕೊಳ್ಳುವ ತಂತ್ರಾಂಶ. 2022ರಲ್ಲಿ ಶುರುವಾಗಿ, 2025ರ ಅಕ್ಟೋಬರ್‌ನಲ್ಲಿ ಮೊದಲ ಸ್ಥಿರ ಆವೃತ್ತಿ ಬಂತು. ಫೋನಿನ ಆಪ್ ಒಂದೇ ದಿಕ್ಕಿಗೆ ಕಳಿಸುತ್ತದೆ. ಫೋನಿನ ಗ್ಯಾಲರಿಯಲ್ಲಿ 10 ಗೋಡೆ ಅಳಿಸಿದೆ. ಸರ್ವರ್‌ನಲ್ಲಿ 10 ಗೋಡೆಯೂ ಹಾಗೇ ಇದ್ದವು. ಅವತ್ತು ಅಜ್ಜಿಯ ವಿಡಿಯೊಗೆ ಬೇಕಿದ್ದದ್ದು ಇಷ್ಟೇ ಅಲ್ವಾ?

ಎರಡನೇ ಪ್ರಶ್ನೆ, ಹೊರಡುವುದು. ಇಲ್ಲಿ ನಾನು ಹೆಚ್ಚು ದಿನ ಕಳೆದೆ.

ಫೋಟೊ ಫೈಲಿನ ಒಳಗೇ ಎಕ್ಸಿಫ್ ಎಂಬ ಸಣ್ಣ ಚೀಟಿ ಇರುತ್ತದೆ. ತೆಗೆದ ದಿನ, ಹೊತ್ತು, ಕ್ಯಾಮೆರಾ, ಕೆಲವೊಮ್ಮೆ ಜಾಗ. ಆದರೆ ಆಲ್ಬಮ್, ಮುಖದ ಹೆಸರು, ನಾವು ಆಪ್‌ನಲ್ಲಿ ತಿದ್ದಿದ ದಿನಾಂಕ ಇವು ಸಾಮಾನ್ಯವಾಗಿ ಆ ಚೀಟಿಯಲ್ಲಿ ಇರುವುದಿಲ್ಲ. ಅವು ಸೇವೆಯವರ ಡೇಟಾಬೇಸ್‌ನಲ್ಲಿ ಇರುತ್ತವೆ. ಹೊರಡುವಾಗ ಕೈಗೆ ಬರುವುದು ಫೈಲು. ಉಳಿದದ್ದು ಬಂದರೂ ಬೇರೆ ರೂಪದಲ್ಲಿ ಬರುತ್ತದೆ.

ಗೂಗಲ್‌ನಿಂದ ಹೊರಡುವ ಬಾಗಿಲು ಟೇಕ್‌ಔಟ್. ದೊಡ್ಡ ಸಂಗ್ರಹವಾದರೆ ಹಲವು ಜಿಪ್ ಫೈಲುಗಳಾಗಿ ಬರುತ್ತದೆ. ಒಂದು ಜಿಪ್‌ನ ಗಾತ್ರ 50 ಜಿಬಿವರೆಗೆ ಆರಿಸಿಕೊಳ್ಳಬಹುದು. ಮೂಲ ಗುಣಮಟ್ಟದಲ್ಲಿ ಇಟ್ಟಿದ್ದರೆ ಫೋಟೊ ಹಾಗೇ ಸಿಗುತ್ತದೆ. ಆದರೆ ಪ್ರತಿ ಫೋಟೊದ ಜೊತೆ ಒಂದು ಜೇಸನ್ ಫೈಲು ಇರುತ್ತದೆ. ನಾವು ತಿದ್ದಿದ ದಿನಾಂಕ, ಬರೆದ ವಿವರಣೆ ಎಲ್ಲ ಅದರಲ್ಲಿ. ಎಕ್ಸಿಫ್ ಇಲ್ಲದ ಚಾಟ್ ಫೋಟೊಗಳನ್ನು ಇದಿಲ್ಲದೆ ಬೇರೆ ಕಡೆ ಹಾಕಿದರೆ ಹತ್ತು ವರ್ಷದ ಹಿಂದಿನವೂ ಇಂದಿನ ದಿನಾಂಕದಲ್ಲಿ ಸಾಲಾಗಿ ನಿಲ್ಲುತ್ತವೆ. ಅದಕ್ಕೇ ಜೇಸನ್ ಫೈಲುಗಳನ್ನು ಕಸ ಎಂದು ಬಿಸಾಡಬೇಡಿ. ಅವನ್ನು ಓದಿ ಇಮ್ಮಿಚ್‌ಗೆ ಸೇರಿಸುವ 'ಇಮ್ಮಿಚ್-ಗೋ' ಎಂಬ ಸಣ್ಣ ತಂತ್ರಾಂಶ ಇದೆ. ನನ್ನ 40,000 ಫೋಟೊಗಳನ್ನು ಅದರಿಂದಲೇ ಸೇರಿಸಿದೆ. ಆಲ್ಬಮ್‌ಗಳೂ ಬಂದವು. ಮುಖದ ಹೆಸರುಗಳನ್ನು ಹೊಸದಾಗಿ ಬರೆದೆ.

ಮೂಲ ಗುಣಮಟ್ಟ ಎಂದೆನಲ್ಲ, ಅದಕ್ಕೊಂದು ಮಾತು. 2021ರ ಜೂನ್ 1ರವರೆಗೆ ಗೂಗಲ್ ಫೋಟೋಸ್‌ನಲ್ಲಿ 'ಹೈ ಕ್ವಾಲಿಟಿ' ಫೋಟೊಗೆ ಮಿತಿ ಇರಲಿಲ್ಲ, ದುಡ್ಡೂ ಇರಲಿಲ್ಲ. ನಮ್ಮಲ್ಲಿ ಬಹಳ ಜನ ಅದನ್ನೇ ಆರಿಸಿಕೊಂಡಿದ್ದೆವು. ಈಗ ಅದರ ಹೆಸರು 'ಸ್ಟೋರೇಜ್ ಸೇವರ್'. ಫೋಟೊ 16 ಮೆಗಾಪಿಕ್ಸೆಲ್‌ಗೆ, ವಿಡಿಯೊ 1080ಪಿಗೆ ಇಳಿಯುತ್ತದೆ. ಫೋಟೊದಲ್ಲಿ ವ್ಯತ್ಯಾಸ ನನ್ನ ಕಣ್ಣಿಗೆ ಹೆಚ್ಚು ಕಾಣಲಿಲ್ಲ. ವಿಡಿಯೊದಲ್ಲಿ ಕಂಡಿತು. ಈಗ ಹೊಸದಾಗಿ ಹಾಕುವವರಿಗೆ ಉಚಿತ ಜಾಗ 15 ಜಿಬಿ. ಅದೂ ಜಿಮೇಲ್, ಡ್ರೈವ್ ಎಲ್ಲಕ್ಕೂ ಸೇರಿ. ಐಕ್ಲೌಡ್‌ನಲ್ಲಿ 5 ಜಿಬಿ. ಎರಡೂ ಒಂದು ಕುಟುಂಬದ ಫೋಟೊಗೆ ಸಾಲುವುದಿಲ್ಲ.

ಐಕ್ಲೌಡ್‌ನಿಂದ ಹೊರಡಲು ಮ್ಯಾಕ್ ಇದ್ದರೆ ಸುಲಭ. 'ಎಕ್ಸ್‌ಪೋರ್ಟ್ ಅನ್‌ಮಾಡಿಫೈಡ್ ಒರಿಜಿನಲ್' ಎಂದು ಕೊಟ್ಟರೆ ಮೂಲ ಫೈಲು ಸಿಗುತ್ತದೆ. ಮ್ಯಾಕ್ ಇಲ್ಲದವರು ಆ್ಯಪಲ್‌ನ ಪ್ರೈವಸಿ ಪುಟದಲ್ಲಿ ಪ್ರತಿ ಕೇಳಬಹುದು. ಅಲ್ಲಿಂದ ನೇರ ಗೂಗಲ್ ಫೋಟೋಸ್‌ಗೆ ಕಳಿಸುವ ಅವಕಾಶ 2021ರಿಂದ ಇದೆ. ಗೂಗಲ್‌ನಿಂದ ಐಕ್ಲೌಡ್‌ಗೆ ಕಳಿಸುವ ದಾರಿ 2024ರಲ್ಲಿ ತೆರೆಯಿತು. ಲೈವ್ ಫೋಟೊ ಇಟ್ಟುಕೊಳ್ಳುವವರು ಒಂದು ನೆನಪಿಡಿ: ಅದು ಒಂದು ಚಿತ್ರ, ಒಂದು ಪುಟ್ಟ ವಿಡಿಯೊ, ಎರಡು ಫೈಲುಗಳ ಜೋಡಿ. ಸ್ಥಳ ಬದಲಿಸುವಾಗ ಒಂದನ್ನು ಬಿಟ್ಟರೆ ಜೋಡಿ ಮುರಿಯುತ್ತದೆ.

ಸಿಂಕ್‌ಥಿಂಗ್‌ನಿಂದ ಹೊರಡುವ ಪ್ರಶ್ನೆಯೇ ಬರುವುದಿಲ್ಲ. ಫೈಲು ಮೊದಲಿನಿಂದಲೂ ನಿಮ್ಮ ಫೋಲ್ಡರಿನಲ್ಲೇ ಇದೆ. ಇಮ್ಮಿಚ್‌ನಲ್ಲೂ ಮೂಲ ಫೈಲನ್ನು ಮುಟ್ಟುವುದಿಲ್ಲ. ಆದರೆ ಆಲ್ಬಮ್ ಮತ್ತು ಮುಖಗಳ ಹೆಸರು ಅದರ ಡೇಟಾಬೇಸ್‌ನಲ್ಲಿವೆ. ಹಾಗಾಗಿ ಫೋಟೊ ಫೋಲ್ಡರ್ ಜೊತೆ ಡೇಟಾಬೇಸನ್ನೂ ಬ್ಯಾಕಪ್ ಮಾಡಬೇಕು.

ಹುಡುಕುವುದರಲ್ಲಿ ಗೂಗಲ್ ಈಗಲೂ ಮುಂದೆ. 'ನೀಲಿ ಅಂಗಿ, ನಾಯಿ' ಎಂದು ಹುಡುಕಿದರೆ ಕ್ಷಣದಲ್ಲಿ ಸಿಗುತ್ತದೆ. ಇಮ್ಮಿಚ್ ಹತ್ತಿರ ಹತ್ತಿರ ಬಂದಿದೆ, ಮುಖ ಗುರುತಿಸುವುದರಲ್ಲಿ ನನಗೆ ಕೊರತೆ ಕಾಣಲಿಲ್ಲ. ಮೊದಲ ಸಲ ಎಲ್ಲ ಫೋಟೊ ಓದಿ ಮುಗಿಸಲು ನನ್ನ ಹಳೆಯ ಲ್ಯಾಪ್‌ಟಾಪ್‌ಗೆ ಮೂರು ದಿನ ಹಿಡಿಯಿತು. ಸಿಂಕ್‌ಥಿಂಗ್‌ನಲ್ಲಿ ಹುಡುಕಾಟವೇ ಇಲ್ಲ. ಡಿಜಿಕ್ಯಾಮ್‌ನಂಥ ಬೇರೆ ತಂತ್ರಾಂಶ ಬೇಕು.

ಹಾಗಾದರೆ ಇಮ್ಮಿಚ್ ಎಲ್ಲರಿಗೂ ಸರಿಯೇ? ಇಲ್ಲ. ಡಾಕರ್ (ಇಂಥ ಸರ್ವರ್‌ಗಳನ್ನು ಕಂಪ್ಯೂಟರ್‌ನಲ್ಲಿ ಓಡಿಸಲು ಬಳಸುವ ತಂತ್ರಾಂಶ) ಎಂದರೆ ಏನು ಎಂದು ಗೊತ್ತಿರಬೇಕು, ಇಲ್ಲವೇ ಕಲಿಯುವ ಮನಸ್ಸಿರಬೇಕು. ಹೊರಗಿನಿಂದ ನೋಡಬೇಕಾದರೆ ವಿಪಿಎನ್ (ಮನೆಯ ನೆಟ್‌ವರ್ಕ್‌ಗೆ ಸುರಕ್ಷಿತವಾಗಿ ಸೇರುವ ದಾರಿ) ಹಾಕಿಕೊಳ್ಳಬೇಕು. ಸುಮ್ನೆ ಇಂಟರ್‌ನೆಟ್‌ಗೆ ಬಾಗಿಲು ತೆರೆದಿಡುವುದು ಸರಿಯಲ್ಲ. ಡಿಸ್ಕ್ ಕೆಟ್ಟರೆ ನೀವೇ ಜವಾಬ್ದಾರಿ. ಮನೆಯಲ್ಲಿ ಇದನ್ನು ನೋಡಿಕೊಳ್ಳುವ ಒಬ್ಬರೇ ಇದ್ದು, ಅವರಿಗೇ ಏನಾದರೂ ಆದರೆ ಉಳಿದವರು ಫೋಟೊಗಳನ್ನು ಅಲ್ಲಿಂದ ಹೊರತೆಗೆಯುವುದು ಹೇಗೆ? ನಾನು ಇದನ್ನು ಒಂದು ಹಾಳೆಯಲ್ಲಿ ಬರೆದು ಹೆಂಡತಿಯ ಕೈಗೆ ಕೊಟ್ಟಿದ್ದೇನೆ. ಆ ಹಾಳೆ ಹಿಡಿದು ಅವಳು ಒಮ್ಮೆ ಒಬ್ಬಳೇ ಮಾಡಿಯೂ ನೋಡಿದಳು. ಎರಡು ಕಡೆ ಹಾಳೆಯಲ್ಲೇ ತಪ್ಪಿತ್ತು, ತಿದ್ದಿದೆ.

ಎಂಟೆ ಎಂಬ ಇನ್ನೊಂದು ಫೋಟೊ ಸೇವೆಯನ್ನು ಸ್ವಲ್ಪ ದಿನ ನೋಡಿದೆ. ಸರ್ವರ್ ನಡೆಸುವ ತಲೆನೋವು ಬೇಡ, ಆದರೆ ಸೇವೆಯವರಿಗೂ ನನ್ನ ಫೋಟೊ ಕಾಣಬಾರದು ಎನ್ನುವವರಿಗೆ ಅದು ಒಳ್ಳೆಯದು. ಫೋನಿನಲ್ಲೇ ಬೀಗ ಹಾಕಿ ಕಳಿಸುತ್ತದೆ. ಪಾಸ್‌ವರ್ಡ್ ಜೊತೆ 24 ಪದಗಳ ರಿಕವರಿ ಕೀ ಕೊಡುತ್ತದೆ. ಎರಡನ್ನೂ ಕಳೆದುಕೊಂಡರೆ ಬೀಗ ತೆಗೆಯಲು ಯಾರಿಂದಲೂ ಆಗದು. ಆ ಪದಗಳನ್ನು ಕಾಗದದಲ್ಲಿ ಬರೆದಿಡಿ, ಅದೇ ಫೋನಿನ ನೋಟ್ಸ್‌ನಲ್ಲಿ ಅಲ್ಲ.

ಅಮ್ಮನ ಫೋನಿನಲ್ಲಿ ನಾನು ಉಳಿಸಿದ್ದು ಗೂಗಲ್ ಫೋಟೋಸ್. ಅವರು ಏನನ್ನೂ ಒತ್ತಬೇಕಿಲ್ಲ, ಯಾವುದನ್ನೂ ನೆನಪಿಡಬೇಕಿಲ್ಲ. ಅದರ ಟೇಕ್‌ಔಟ್ ಪ್ರತಿಯನ್ನು ಎರಡು ತಿಂಗಳಿಗೊಮ್ಮೆ ನಾನೇ ತೆಗೆಯುತ್ತೇನೆ. ಹೆಂಡತಿಯ ಐಫೋನಿನಲ್ಲಿ ಐಕ್ಲೌಡ್ ಇದೆ, ಜೊತೆಗೆ ಇಮ್ಮಿಚ್ ಆಪ್ ಕೂಡ ಇದೆ. ನನ್ನ ಫೋನು ಇಮ್ಮಿಚ್‌ಗೆ ಮಾತ್ರ. ಸಿಂಕ್‌ಥಿಂಗನ್ನು ಫೋನಿನಿಂದ ತೆಗೆದೆ. ಅದರ ಅಧಿಕೃತ ಆಂಡ್ರಾಯ್ಡ್ ಆಪ್ 2024ರ ಡಿಸೆಂಬರ್‌ಗೆ ನಿಂತಿದೆ. ಬೇರೆಯವರು ಮುಂದುವರಿಸಿದ ಆವೃತ್ತಿ ಇದೆ, ಆದರೂ ಫೋಟೊದಂಥ ವಿಷಯಕ್ಕೆ ನನಗೆ ಧೈರ್ಯ ಬರಲಿಲ್ಲ. ಕಂಪ್ಯೂಟರ್‌ನಿಂದ ಕಂಪ್ಯೂಟರ್‌ಗೆ ಈಗಲೂ ಅದನ್ನೇ ಬಳಸುತ್ತೇನೆ, ಅಲ್ಲಿ ಅದಕ್ಕೆ ಸಾಟಿ ಇಲ್ಲ.

ಇದೆಲ್ಲದರ ಕೆಳಗೆ ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕ ಜನಪ್ರಿಯಗೊಳಿಸಿದ 3-2-1 ಲೆಕ್ಕ ಇದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಮನೆಯಿಂದ ಹೊರಗೆ. ನನ್ನ ಮೂರನೇ ಪ್ರತಿ ಒಂದು ಹಾರ್ಡ್ ಡಿಸ್ಕ್, ತಮ್ಮನ ಮನೆಯಲ್ಲಿದೆ. ಹೋದಾಗೆಲ್ಲ ಹೊಸದನ್ನು ಕೊಟ್ಟು ಹಳೆಯದನ್ನು ತರುತ್ತೇನೆ. ತಂದ ಕೂಡಲೇ ಅದರಿಂದ ಒಂದಿಷ್ಟು ಫೈಲು ತೆರೆದು ನೋಡುತ್ತೇನೆ. ಪ್ರತಿ ಸಲವೂ ಮೊದಲು ತೆರೆಯುವುದು ಚಾಟ್‌ನಿಂದ ಸಿಕ್ಕ ಆ ಮಸುಕು ವಿಡಿಯೊ. ಅದಕ್ಕೆ ದಿನಾಂಕ ಇರಲಿಲ್ಲ. ತಮ್ಮನ ಚಾಟ್‌ನಿಂದ ದಿನ ಹುಡುಕಿ, ಎಕ್ಸಿಫ್‌ಟೂಲ್ ಎಂಬ ತಂತ್ರಾಂಶದಿಂದ ಫೈಲಿನ ಒಳಗೇ ಬರೆದೆ. ಕಥೆ ಹೇಳುತ್ತಿರುವವರ ಹೆಸರನ್ನೂ ಅಲ್ಲೇ ಬರೆದಿದ್ದೇನೆ.